ಇಗರ್ಜಿಯ ವಯಸ್ಸು, ಫಿರ್ಗಜಿನ ವಯಸ್ಸು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಚಿತ್ರಲೇಖನವನ್ನು ಓದಿ, ಸಂತೆಕಟ್ಟೆ ಕಡೆಯ ಹಿರಿಯ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಚಿತ್ರದ ಕೆಳಗೆ ‘1678ರ ಇಗರ್ಜಿ’ ಎಂದು ಅಚ್ಚು ಹಾಕಿದ್ದೀರಿ, ಆದರೆ ಚಿತ್ರದಲ್ಲಿರುವ ಕಟ್ಟಡ ಅಷ್ಟು ಹಳೆಯದಲ್ಲವೆಂದು ಊರಿನ ಮಕ್ಕಳಿಗೂ ಗೊತ್ತಿದೆ, ಹೀಗಿರುವಾಗ ಯಾವುದನ್ನು ನಂಬಬೇಕು ಎಂಬುದು ಅವರ ಮೊದಲ ಪ್ರಶ್ನೆ. ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಒಂದೇ ಭಾಷೆಯ, ಒಂದೇ ಮನೆಹೆಸರುಗಳ ಜನರಿಗೆ ಮಿಲಾಗ್ರಿಸ್ ಒಂದು, ಮೌಂಟ್ ರೋಸರಿ ಇನ್ನೊಂದು, ನದಿ ದಾಟಿದರೆ ಬ್ರಹ್ಮಾವರದಲ್ಲಿ ‘ಸಿರಿಯನ್’ ಎಂಬ ಮತ್ತೊಂದು ಏಕಿದೆ, ಇದನ್ನು ಬರೆಯದೆ ಬರೀ ಅಲಂಕಾರವನ್ನು ವರ್ಣಿಸಿದರೆ ಅದು ಇತಿಹಾಸವಾಗುತ್ತದೆಯೇ ಎಂಬುದು ಎರಡನೆಯದು. ಪತ್ರದ ಕೊನೆಯಲ್ಲಿ ಅವರು ತಮ್ಮ ಅಜ್ಜಿಯ ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೆ ತೆಗೆದ ಒಂದು ಹಳೆಯ ಛಾಯಾಚಿತ್ರ ಮನೆಯಲ್ಲಿದೆ ಎಂದೂ ತಿಳಿಸಿದ್ದಾರೆ.

ಮಾನ್ಯರೇ,

ಚಿತ್ರದ ಅಡಿಬರಹ ತಪ್ಪು. ಅದನ್ನು ಬರೆದವರು ಕಚೇರಿಯವರು, ಲೇಖಕರಲ್ಲ. ಒಪ್ಪಿಗೆ ಕೊಟ್ಟವರು ನಾವು. 1678 ಆ ಕಟ್ಟಡದ ವರ್ಷವಲ್ಲ, ಅಲ್ಲಿನ ಧರ್ಮಕೇಂದ್ರದ ವರ್ಷ. ಈ ಎರಡನ್ನು ಬೇರೆ ಬೇರೆಯಾಗಿ ಹೇಳುವ ಪದಗಳು ನಮ್ಮೂರಿನ ಮಾತಿನಲ್ಲಿಯೇ ಇರುವಾಗ ನಾವು ಅವನ್ನು ಕಲಸಿಬಿಟ್ಟೆವು. ಕಲ್ಲು, ಸುಣ್ಣ, ಹೆಂಚಿನ ಕಟ್ಟಡಕ್ಕೆ ಇಗರ್ಜಿ ಎನ್ನುತ್ತೇವೆ. ಅದಕ್ಕೆ ಸೇರಿದ ಜನ, ವಾಡೊಗಳೆಂಬ ಕೇರಿಗಳು, ಅವುಗಳ ಮುಖಂಡರಾದ ಗುರ್ಕಾರರು, ಇಗರ್ಜಿಯ ಮುಖ್ಯ ಪಾದ್ರಿಯಾದ ವಿಗಾರರು ಎಲ್ಲ ಸೇರಿದರೆ ಕೊಂಕಣಿಯಲ್ಲಿ ಅದು ಫಿರ್ಗಜ್, ಅಂದರೆ ಧರ್ಮಕೇಂದ್ರ. ಎರಡೂ ಪೋರ್ಚುಗೀಸಿನಿಂದ ಬಂದ ಪದಗಳು. ಎರಡನೆಯದರ ಬೇರನ್ನು ಹಿಡಿದು ಲ್ಯಾಟಿನ್ನಿಗೆ ಹೋದರೆ ‘ಇಗರ್ಜಿಯ ಮಕ್ಕಳು’ ಎಂಬ ಅರ್ಥ ಸಿಗುತ್ತದೆ. ಮಕ್ಕಳ ವಯಸ್ಸನ್ನೂ ಮನೆಯ ವಯಸ್ಸನ್ನೂ ಒಂದೇ ಪಂಚಾಂಗದಿಂದ ಲೆಕ್ಕ ಹಾಕಲಾಗದು.

ನಮ್ಮ ಕರಾವಳಿಯಲ್ಲಿ ಮೂರು ನೂರು ವರ್ಷ ಹಾಗೆಯೇ ನಿಂತ ಇಗರ್ಜಿ ಕಟ್ಟಡ ಅಪರೂಪವಾಗಿರುವುದಕ್ಕೆ ಕಾರಣಗಳಿವೆ. ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಆದರೆ ಅದರ ಮೈತುಂಬ ತೂತು. ಮೇಲಿನ ಗಾರೆ ಒಂದು ಕಡೆ ಬಿಟ್ಟರೂ ಸಾಕು, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಉಡುಪಿಯ ಮಳೆ ಗೋಡೆಯ ಒಳಕ್ಕೆ ಇಳಿಯುತ್ತದೆ. ಮೊದಲ ಇಗರ್ಜಿಗಳಲ್ಲಿ ಹಲವು ಮುಳಿಹುಲ್ಲಿನ ಮಾಡಿನವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಾಡುಗಳ ಸ್ವರೂಪವೇ ಬದಲಾಯಿತು. ಪ್ರೊಟೆಸ್ಟಂಟ್ ಮಿಶನರಿಗಳು ತಂದ ಹೆಂಚಿನ ಕಸುಬು ಇಡೀ ಜಿಲ್ಲೆಯ ಕಥೋಲಿಕ ಇಗರ್ಜಿಗಳನ್ನು ಮಳೆಯಿಂದ ಕಾಪಾಡಿತೆಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಮಳೆಗಿಂತ ದೊಡ್ಡ ಪೆಟ್ಟು 1784ರದು. ಆ ವರ್ಷದ ಬೂದಿ ಬುಧವಾರದ ಹೊತ್ತಿಗೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಇಪ್ಪತ್ತಕ್ಕೂ ಹೆಚ್ಚು ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೋಲಿ ಕ್ರಾಸ್ ಇಗರ್ಜಿ ಉಳಿದದ್ದು ಚೌಟ ಅರಸರ ಆಶ್ರಯದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ತಿರುಗಿ ಬಂದು, ತಮ್ಮ ಗದ್ದೆಗಳ ಅಂಚನ್ನು ಹುಡುಕುತ್ತಲೇ ಇಗರ್ಜಿಯ ಅಡಿಪಾಯವನ್ನೂ ಹುಡುಕಿದರು. ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನೇ ನೋಡಿ: 1680ರಲ್ಲಿ ಬಿಷಪ್ ಥೋಮಸ್ ದೆ ಕಾಸ್ತ್ರೊ ಕಟ್ಟಿಸಿದರು, 1784ರಲ್ಲಿ ಅದನ್ನು ಕೆಡವಲಾಯಿತು, 1811ರಲ್ಲಿ ಮತ್ತೆ ಎದ್ದಿತು, 1911ರಲ್ಲಿ ಅದರ ಮುಂಭಾಗ ಕುಸಿಯಿತು, ಆಮೇಲೆ ಇನ್ನೊಮ್ಮೆ ಕಟ್ಟಿದರು. ಬೋಳಾರದ ರೊಸಾರಿಯೊ ಧರ್ಮಕೇಂದ್ರ 1568ರದ್ದಾದರೂ ಅದರ ದೊಡ್ಡ ಗುಮ್ಮಟದ ಕಟ್ಟಡ ಇಪ್ಪತ್ತನೆಯ ಶತಮಾನದ್ದು. ಇವುಗಳಲ್ಲಿ ಯಾವುದನ್ನೂ ‘ಹೊಸ ಇಗರ್ಜಿ’ ಎಂದು ಊರವರು ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ಪತ್ರಿಕೆಯಲ್ಲಿ ಬರೆಯುವವರು ಎರಡು ವರ್ಷಗಳನ್ನೂ ಹೇಳಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕು, ಏಕೆಂದರೆ ನಮ್ಮ ಲೇಖನದಲ್ಲಿ ಬಿಟ್ಟುಹೋದದ್ದು ನಿಜವಾಗಿ ಕಥೆಯ ತಿರುಳೇ.

1678ರಲ್ಲಿ ಪೋರ್ಚುಗೀಸರಿಗೂ ಕೆಳದಿಯ ಅರಸರಿಗೂ ಆದ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಗೋವೆಗೆ ಕೆನರಾದ ಅಕ್ಕಿ ಬೇಕಿತ್ತು. ಗೋವೆಯಿಂದ ವಲಸೆ ಬಂದ ಒಕ್ಕಲು ಮಕ್ಕಳು ಕೆಳದಿಯವರ ನೆಲಕ್ಕೆ ಬೇಕಿದ್ದರು. ಸುವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ ಗೋವೆಯ ಪಾದ್ರಿಗಳು ಮಿಲಾಗ್ರಿಸ್ ಮಾತೆಯ, ಅಂದರೆ ಪವಾಡಗಳ ಮಾತೆಯ, ಹೆಸರಿನಲ್ಲಿ ಇಗರ್ಜಿ ಆರಂಭಿಸಿದರು. ಎರಡೇ ವರ್ಷಗಳ ನಂತರ ಅದೇ ಹೆಸರಿನ ಇಗರ್ಜಿ ಮಂಗಳೂರಿನಲ್ಲಿಯೂ ಎದ್ದಿತು. ಹೆಸರು ಒಂದೇ ಆದರೂ ಇವೆರಡು ಎರಡು ಅಧಿಕಾರಗಳ ಕೆಳಗೆ ಹುಟ್ಟಿದವು. ಪೂರ್ವ ದೇಶಗಳ ಧರ್ಮಸಭೆಯನ್ನು ನಡೆಸುವ, ಬಿಷಪರನ್ನು ಸೂಚಿಸುವ ಹಕ್ಕು ಪೋರ್ಚುಗಲ್ಲಿನ ಅರಸನಿಗಿತ್ತು. ಇದನ್ನು ಪದ್ರುವಾದೊ ಎನ್ನುತ್ತಿದ್ದರು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಎಂಬ ಇಲಾಖೆ ಸ್ಥಾಪನೆಯಾಗಿ ಪೋಪರು ನೇರವಾಗಿ ತಮ್ಮ ಪ್ರತಿನಿಧಿಗಳನ್ನು ಕಳುಹಿಸತೊಡಗಿದರು. ಥೋಮಸ್ ದೆ ಕಾಸ್ತ್ರೊ ಗೋವೆಯವರೇ ಆದರೂ ಬಂದದ್ದು ರೋಮಿನ ನೇಮಕದ ಮೇಲೆ. 1681ರಲ್ಲಿ ಕೆನರಾಕ್ಕೆ ಬಂದ ಜುಜೆ ವಾಜರನ್ನು, ಅಂದರೆ 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದ ಸಂತ ಜೋಸೆಫ್ ವಾಜರನ್ನು, ಕಳುಹಿಸಿದ್ದು ಗೋವೆ. ಒಂದೇ ಜನರ ಮೇಲೆ ಇಬ್ಬರು ಹಿರಿಯರ ಅಧಿಕಾರ. ವಾಜರು ತಗ್ಗಿ ನಡೆದು ಬಿರುಕನ್ನು ಮುಚ್ಚಲು ಶ್ರಮಿಸಿದರು, ಅದು ಮಾಯಲಿಲ್ಲ.

ಆ ಬಿರುಕು ಮತ್ತೆ ಬಾಯಿಬಿಟ್ಟದ್ದು 1830ರ ದಶಕದಲ್ಲಿ. 1834ರಲ್ಲಿ ಪೋರ್ಚುಗಲ್ ತನ್ನಲ್ಲಿದ್ದ ಸನ್ಯಾಸಿ ಸಂಘಗಳನ್ನು ರದ್ದುಮಾಡಿತು. 1838ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಆಜ್ಞೆ ಹೊರಡಿಸಿ ಭಾರತದ ಹಲವು ಭಾಗಗಳನ್ನು ಪದ್ರುವಾದೊದಿಂದ ತೆಗೆದು ರೋಮಿನ ಪ್ರತಿನಿಧಿಗಳಿಗೆ ಒಪ್ಪಿಸಿದರು. ಕಾಗದ ರೋಮಿನಲ್ಲಿ ಬರೆದದ್ದಾದರೂ ಕಡಿದು ಎರಡಾದದ್ದು ನಮ್ಮ ವಾಡೊಗಳು. ಗೋವೆಯನ್ನು ಬಿಡಲಾರದವರು ಕಲ್ಯಾಣಪುರದ ಮಿಲಾಗ್ರಿಸಿನಲ್ಲಿ ಉಳಿದರು. ರೋಮಿನ ಕಡೆಯವರಿಗೆ ಆ ದಶಕದಲ್ಲಿಯೇ ಸಂತೆಕಟ್ಟೆಯ ಮೌಂಟ್ ರೋಸರಿ ಆಯಿತು. ನಿಮ್ಮ ಮನೆಯಂಗಳದಿಂದ ಎರಡು ಇಗರ್ಜಿಗಳ ಗಂಟೆಯ ಸದ್ದು ಕೇಳುತ್ತದೆ ಎಂದು ಬರೆದಿದ್ದೀರಿ. ಅದಕ್ಕೆ ಕಾರಣ ಇಷ್ಟು. ವಿಶ್ವಾಸದಲ್ಲಿ ಒಂದಕ್ಷರದ ವ್ಯತ್ಯಾಸವಿರಲಿಲ್ಲ, ಪೂಜೆ ಎರಡೂ ಕಡೆ ಲ್ಯಾಟಿನ್ನಿನಲ್ಲಿಯೇ ನಡೆಯುತ್ತಿತ್ತು.

1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಹೊಸ ಒಡಂಬಡಿಕೆಯಾಯಿತು. ಕಲ್ಯಾಣಪುರವೂ ಗೋವೆಯ ಕೈಬಿಟ್ಟು ಮಂಗಳೂರಿನ ಬಿಷಪರ ಅಧೀನಕ್ಕೆ ಬಂದಿತು. ಎರಡು ನೂರು ವರ್ಷ ಗೋವೆಯ ಪಾದ್ರಿಗಳ ಕೈಯಲ್ಲಿ ದೀಕ್ಷಾಸ್ನಾನ ಪಡೆದ ಮನೆತನಗಳಲ್ಲಿ ಕೆಲವರಿಗೆ ಇದನ್ನು ಸಹಿಸಲಾಗಲಿಲ್ಲ. ಅವರು ಗೋವೆಯವರೇ ಆದ ಪಾದ್ರಿ ಆಲ್ವಾರಿಸರ ಹಿಂದೆ ಹೋದರು. ಆಲ್ವಾರಿಸರು 1889ರಲ್ಲಿ ಕೇರಳದಲ್ಲಿ, ಪೋಪರ ಅಧೀನದಲ್ಲಿಲ್ಲದ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಿಷಪರಿಂದ ಅಭಿಷೇಕ ಪಡೆದು ಮಾರ್ ಜೂಲಿಯಸ್ ಎನಿಸಿಕೊಂಡರು. ಅವರ ಜೊತೆಗಾರರಾದ ಪಾದ್ರಿ ನೊರೊನ್ಹಾ 1936ರಲ್ಲಿ ತೀರಿಕೊಳ್ಳುವವರೆಗೂ ಬ್ರಹ್ಮಾವರದ ಆ ಸಮುದಾಯವನ್ನು ಸಲಹಿದರು. ಬ್ರಹ್ಮಾವರದ ‘ಸಿರಿಯನ್’ ಮನೆಗಳಲ್ಲಿ ಕೊಂಕಣಿ ಮಾತು, ನಿಮ್ಮದೇ ಮನೆಹೆಸರು ಏಕಿದೆ ಎಂಬುದಕ್ಕೆ ಬೇರೆ ಉತ್ತರ ಬೇಡ: ಅವರು ನಿಮ್ಮ ದಾಯಾದಿಗಳು.

ಗೋವೆಯ ಕೈಯನ್ನು ಅಷ್ಟು ಕಾಲ ಹಿಡಿದಿದ್ದ ಕಲ್ಯಾಣಪುರದ ಮಿಲಾಗ್ರಿಸ್, 2012ರಲ್ಲಿ ಉಡುಪಿ ಧರ್ಮಪ್ರಾಂತ ಮಂಗಳೂರಿನಿಂದ ಬೇರೆಯಾದಾಗ, ಬಿಷಪರ ಪೀಠದ ಕ್ಯಾಥೆಡ್ರಲ್ ಆಯಿತು. ಸಂತೆಕಟ್ಟೆಯೂ ಕಲ್ಯಾಣಪುರವೂ ಈಗ ಒಬ್ಬರೇ ಬಿಷಪರ ಕೆಳಗಿವೆ.

ಇದನ್ನೆಲ್ಲ ಗೋಡೆಯನ್ನು ನೋಡಿ ತಿಳಿಯಲು ಸಾಧ್ಯವಿಲ್ಲ, ಪುಸ್ತಕಗಳನ್ನು ತೆರೆಯಬೇಕು. ಕೆಲವು ವರ್ಷಗಳ ಹಿಂದೆ ಉಡುಪಿ ಜಿಲ್ಲೆಯ ಒಂದು ಧರ್ಮಕೇಂದ್ರದಲ್ಲಿ ವಿಗಾರರು ಕಪಾಟಿನಿಂದ ಹಳೆಯ ದೀಕ್ಷಾಸ್ನಾನದ ದಾಖಲೆಯನ್ನು ತೆಗೆದು ನನ್ನ ಮುಂದಿಟ್ಟಿದ್ದರು. ಶಾಯಿ ಕಂದು ಬಣ್ಣಕ್ಕೆ ತಿರುಗಿ, ಒತ್ತಿ ಬರೆದ ಕಡೆಯಲ್ಲೆಲ್ಲ ಕಾಗದವನ್ನೇ ತಿಂದುಹಾಕಿತ್ತು. ಪುಟ ತಿರುವಿದರೆ ಅಕ್ಷರದ ಆಕಾರದ ಚೂರುಗಳು ಮೇಜಿನ ಮೇಲೆ ಉದುರುತ್ತಿದ್ದವು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ, ವಾಡೊ, ಪಾದ್ರಿಯ ರುಜು. ಕೆಲವು ಪುಟಗಳ ತನಕ ಒಂದೇ ಕೈಬರಹ, ಆಮೇಲೆ ಇನ್ನೊಂದು: ವಿಗಾರರು ಬದಲಾದ ತಿಂಗಳು ಯಾವುದೆಂದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಒಂದು ಫಿರ್ಗಜಿನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಆದರೂ ಕಟ್ಟಡದ ಬಗ್ಗೆ ನಿಮಗಿರುವ ಕಳಕಳಿ ನನ್ನದೂ ಹೌದು. ನನ್ನ ಬಾಲ್ಯದ ಧರ್ಮಕೇಂದ್ರದಲ್ಲಿ ಜುಬಿಲಿಯ ಹೊತ್ತಿಗೆ ಹಳೆಯ ಇಗರ್ಜಿಯನ್ನು ಕೆಡವಿದರು. ಜನ ಹೆಚ್ಚಿದ್ದರು, ಮಾಡಿನ ಪಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಹೊಸದು ಬೇಕಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಡವುವ ಮುನ್ನ ಯಾರೂ ಅಳತೆ ತೆಗೆದುಕೊಳ್ಳಲಿಲ್ಲ, ಚಿತ್ರ ತೆಗೆಸಲಿಲ್ಲ. ಪೂಜಾ ವಿಧಿಗಳನ್ನು ಬದಲಿಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಳಕೆ ತಪ್ಪಿ ಮೂಲೆಗೆ ಸೇರಿದ್ದ ಮರದ ಪ್ರಸಂಗಪೀಠ ಸೌದೆಯ ರಾಶಿಗೆ ಹೋಯಿತು. ಬಾಗಿಲ ಮೇಲಿದ್ದ ವರ್ಷ ಕೆತ್ತಿದ ಕಲ್ಲು ಎಲ್ಲಿ ಹೋಯಿತೆಂದು ಇವತ್ತಿಗೂ ಹೇಳುವವರಿಲ್ಲ. ಕೆಡವಲೇಬೇಕಾದರೆ ಮೊದಲು ದಾಖಲಿಸಿ, ಬರಹವಿರುವ ಕಲ್ಲುಗಳನ್ನೂ ಗೋರಿಕಲ್ಲುಗಳನ್ನೂ ಹೊಸ ಗೋಡೆಯಲ್ಲಿ ಕೂರಿಸಿ ಎಂದು ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿಯನ್ನೂ ಕೇಳಿಕೊಳ್ಳುತ್ತೇನೆ. ಅದಕ್ಕೆ ತಗಲುವುದು ಎರಡು ದಿನ ಮತ್ತು ಒಂದು ಕ್ಯಾಮರಾ.

ಮುಂದಿನ ಸಂಚಿಕೆಯಲ್ಲಿ ಆ ಚಿತ್ರವನ್ನು ಸರಿಯಾದ ಅಡಿಬರಹದೊಂದಿಗೆ ಮತ್ತೆ ಪ್ರಕಟಿಸುತ್ತೇವೆ. ಅದರ ಪಕ್ಕದಲ್ಲಿ ನಿಮ್ಮ ಅಜ್ಜಿಯ ಮದುವೆಯ ಛಾಯಾಚಿತ್ರವೂ ಇರಲಿ ಎಂಬುದು ನನ್ನ ಆಸೆ. ಅಂಚೆಯಲ್ಲಿ ಕಳುಹಿಸಬೇಡಿ, ನಮ್ಮವರೊಬ್ಬರು ನಿಮ್ಮ ಮನೆಗೇ ಬಂದು ನಕಲು ತೆಗೆದುಕೊಳ್ಳುತ್ತಾರೆ. ಅವರು ಬರುವ ಮೊದಲು ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ ಹಿಂಬದಿಯನ್ನು ಒಮ್ಮೆ ನೋಡಿ. ಆ ಕಾಲದವರು ಅಲ್ಲಿ ತಾರೀಕು ಬರೆದಿಡುವುದಿತ್ತು. ಮೆಟ್ಟಿಲ ಹಿಂದೆ ಕಾಣುವ ಬಾಗಿಲು ಯಾವ ಕಾಲದ ಕಟ್ಟಡದ್ದೆಂದು ಅದರಿಂದ ತಿಳಿದೀತು.