ದೂರದ ದಾರಿಗೆ ಕ್ಲಾಸಿಕ್ ಬೈಕ್ ಸಾಲದೇ?

ಪ್ರಶ್ನೆ: ನನ್ನ ಹತ್ತಿರ 2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ತುಮಕೂರು–ಬೆಂಗಳೂರು ಓಡಾಟ ಬಿಟ್ಟರೆ ಇದುವರೆಗೆ ಹೆಚ್ಚೆಂದರೆ ದೇವರಾಯನದುರ್ಗಕ್ಕೆ ಹೋಗಿದ್ದೇನೆ. ಈ ಸಲ ದೀಪಾವಳಿ ಕಳೆದ ಮೇಲೆ ಒಬ್ಬನೇ ಗೋವಾಕ್ಕೆ ಹೋಗುವ ಆಸೆ. ಗೆಳೆಯರು ಮಾತ್ರ ‘ಅದು ಊರೊಳಗೆ ಗತ್ತಿಗೆ ಓಡಿಸೋ ಗಾಡಿ, ಟೂರಿಂಗ್‌ಗೆ ಆಗಲ್ಲ, ಮಾರಿ ಹಿಮಾಲಯನ್ ತಗೋ’ ಎನ್ನುತ್ತಿದ್ದಾರೆ. ಏನು ಮಾಡಲಿ?
– ತುಮಕೂರಿನ ಓದುಗರು

ಉತ್ತರ: ಮಾರಬೇಡಿ. ಗೋವಾಕ್ಕೆ ಹೋಗಿ ಬರುವ ತನಕವಂತೂ ಬೇಡವೇ ಬೇಡ.

ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. ನಿಮ್ಮ 349 ಸಿಸಿ ಎಂಜಿನ್‌ನ ಶಕ್ತಿ 20.2 ಬಿಎಚ್‌ಪಿ, ಅದೇ ಕಂಪನಿಯ ದೂರಪ್ರಯಾಣದ ಬೈಕ್ ಹಿಮಾಲಯನ್ 450ಯದ್ದು ಅದರ ಎರಡರಷ್ಟು, 40 ಬಿಎಚ್‌ಪಿ. ತೂಕ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 195–196 ಕೆ.ಜಿ. ಹಾಗಾಗಿ ನೂರು ದಾಟಿದ ಮೇಲೂ ಲಾರಿಗಳನ್ನು ಹಿಂದೆ ಹಾಕುತ್ತಾ ಹೋಗಬೇಕು ಎನ್ನುವವರಿಗೆ ಕ್ಲಾಸಿಕ್ ಬೇಸರ ತರಿಸುತ್ತದೆ. ಆದರೆ ಅದನ್ನು ಕಟ್ಟಿರುವ ಲೆಕ್ಕವೇ ಬೇರೆ. ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಓಡಾಡುವ ಉದ್ದ 85.8 ಮಿ.ಮೀ. ಇಂಥ ಉದ್ದ ಸ್ಟ್ರೋಕ್ ಎಂಜಿನ್ ಕಡಿಮೆ ಸುತ್ತಿನಲ್ಲೇ ಚೆನ್ನಾಗಿ ಎಳೆಯುತ್ತದೆ. 27 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) 4,000 ಆರ್‌ಪಿಎಂಗೇ ಸಿಕ್ಕಿಬಿಡುತ್ತದೆ. ಐದನೇ ಗೇರಿಗೆ ಹಾಕಿ 70ರಿಂದ 85ರ ಒಳಗೆ ಇಟ್ಟುಕೊಂಡರೆ ಬೆಳಗಿನಿಂದ ಸಂಜೆಯವರೆಗೆ ತಕರಾರಿಲ್ಲದೆ ಓಡುತ್ತದೆ.

ನಿಮಗೆ ಕಾಡುವುದು ಎಂಜಿನ್ ಅಲ್ಲ, ಗಾಳಿ. ಕ್ಲಾಸಿಕ್‌ನಲ್ಲಿ ನೀವು ಎದೆ ಸೆಟೆಸಿ ನೆಟ್ಟಗೆ ಕೂರುತ್ತೀರಿ, ಎದುರಿಗೆ ಹೆಡ್‌ಲೈಟ್ ಬಿಟ್ಟರೆ ಮರೆ ಏನೂ ಇಲ್ಲ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದನ್ನು ಸೀಳಿ ಹೋಗಲು ಎಂಜಿನ್ ಕೊಡಬೇಕಾದ ಶಕ್ತಿ ಹತ್ತಿರಹತ್ತಿರ ದುಪ್ಪಟ್ಟು. 20 ಬಿಎಚ್‌ಪಿಯಲ್ಲಿ ಹೆಚ್ಚಿನ ಪಾಲು ಗಾಳಿಗೇ ಹೋಯಿತು ಅನ್ನಿ. ನಿಮ್ಮ ಕೈಗಳೂ ಹ್ಯಾಂಡಲ್ ಹಿಡಿದು ನೇತಾಡಿದಂತೆ ಜಗ್ಗುತ್ತಿರುತ್ತವೆ. ಸಂಜೆ ಭುಜ, ಕತ್ತು ಹಿಡಿದುಕೊಂಡಾಗ ‘ಈ ಬೈಕ್ ಟೂರಿಂಗ್‌ಗೆ ಆಗಲ್ಲ’ ಅನ್ನಿಸುವುದು ಇದಕ್ಕೇ. 80ರಲ್ಲೇ ಹೋಗಿದ್ದರೆ ಅದೇ ಬೈಕ್, ಅದೇ ಮೈ, ಈ ದೂರು ಅರ್ಧ ಇಳಿದಿರುತ್ತಿತ್ತು.

ಮೊದಲು ಒಂದು ಸಣ್ಣ ವಿಂಡ್‌ಶೀಲ್ಡ್ ಹಾಕಿಸಿ. ಎದೆಗೆ ಬಡಿಯುವ ಗಾಳಿಯನ್ನು ಭುಜದ ಮೇಲಕ್ಕೆ ತಿರುಗಿಸಿದರೆ ಸಾಕು, ತಲೆಯವರೆಗೂ ಮುಚ್ಚುವ ದೊಡ್ಡ ಗಾಜು ಬೇಡ. ಶಿರಾ ದಾಟಿ ಚಿತ್ರದುರ್ಗದ ಕಡೆ ಹೋಗುವ ಬಯಲಿನಲ್ಲಿ ಗಾಳಿ ಅಡ್ಡಡ್ಡ ಬೀಸುತ್ತದೆ, ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಅಲ್ಲಿ ದೊಡ್ಡ ಗಾಜಿನ ಬೈಕ್ ಓಡಿಸುವುದು ಕೊಡೆ ಬಿಚ್ಚಿಕೊಂಡು ಓಡಿಸಿದ ಹಾಗೆ. ದೀಪಾವಳಿಯ ಹೊತ್ತಿಗೆ ಅಷ್ಟು ಕಾಟ ಇರುವುದಿಲ್ಲ, ಆದರೆ ಗಾಜು ಒಂದು ಪ್ರಯಾಣಕ್ಕೆ ಮಾತ್ರ ಹಾಕಿಸುವುದಲ್ಲವಲ್ಲ.

ಆಮೇಲೆ ಸೀಟು. ಅಂಗಡಿಯಲ್ಲಿ ಒತ್ತಿ ನೋಡಿದಾಗ ಮೆತ್ತಗಿರುವ ಸೀಟು ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಕುಸಿದು, ಕೂರುವ ಮೂಳೆ ತಳಕ್ಕೆ ತಾಗುತ್ತದೆ. ಗಟ್ಟಿ ಫೋಮ್, ಅಗಲ ಸೀಟು ಒಳ್ಳೆಯದು. ನೆಟ್ಟಗೆ ಕೂತಾಗ ಮೈಭಾರವೆಲ್ಲ ಬೆನ್ನುಮೂಳೆಯ ತುದಿಗೇ ಬೀಳುತ್ತದೆ, ಆದ್ದರಿಂದ ಒಂದೂವರೆ ಗಂಟೆಗೊಮ್ಮೆ ಇಳಿಯಲೇಬೇಕು. ಟೀ ಬೇಡವಾದರೂ ಇಳಿಯಿರಿ.

ಈಗ ದಾರಿಯ ವಿಚಾರ. ಗೋವಾಕ್ಕೆ ಅಂದ ಕೂಡಲೇ ಎಲ್ಲರೂ 48ನೇ ಹೆದ್ದಾರಿ ತೋರಿಸುತ್ತಾರೆ: ಶಿರಾ, ಹಿರಿಯೂರು, ದಾವಣಗೆರೆ, ಹುಬ್ಬಳ್ಳಿ. ರಸ್ತೆ ಚೆನ್ನಾಗಿದೆ, ಬೇಗ ತಲುಪುತ್ತೀರಿ. ಆದರೆ ಇಡೀ ದಿನ 120ರ ಕಾರುಗಳು ಪಕ್ಕದಲ್ಲಿ ಸುಯ್ಯೆನ್ನುವಾಗ 80ರಲ್ಲಿ ಹೋಗುವುದು ಬೇಸರದ ಕೆಲಸ, ಕೈ ತಾನಾಗಿ ಎಕ್ಸಲರೇಟರ್ ತಿರುಗಿಸುತ್ತದೆ. ನನ್ನನ್ನು ಕೇಳಿದರೆ ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ, ಅಲ್ಲಿಂದ ಕಡಲಗುಂಟ ಕಾರವಾರ. ತಿಪಟೂರಿನ ತೆಂಗಿನ ತೋಟ ಮುಗಿದು ಮಲೆನಾಡು ಶುರುವಾಗುವ ಈ ದಾರಿಯಲ್ಲಿ 60–70ರ ವೇಗವೇ ಸರಿಯಾದ ವೇಗ. ತಿರುವಿನಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುವ ಎಂಜಿನ್ ಇಂಥ ಕಡೆಗೇ ಹೇಳಿಸಿದ್ದು. ಮೊದಲ ದಿನ ಸಾಗರದಲ್ಲಿ ಉಳಿಯಿರಿ. ರಸ್ತೆ ಅಗಲ ಮಾಡುವ ಕೆಲಸ ನಡೆದ ಕಡೆ ಡೈವರ್ಷನ್ ಮಣ್ಣು ಇರುತ್ತದೆ, ಕತ್ತಲಾದ ಮೇಲೆ ಆ ದಾರಿ ಬೇಡ.

ನಮ್ಮ ಕಡೆಯವರಿಗೆ ಗೊತ್ತಿದ್ದೂ ಮರೆಯುವ ಒಂದು ಸಂಗತಿ ಇದೆ. ಸುಗ್ಗಿ ಶುರುವಾದರೆ ಹಳ್ಳಿ ರಸ್ತೆಗಳೇ ಕಣ. ಮಧುಗಿರಿ, ಪಾವಗಡ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ರಾಗಿ, ಹುರುಳಿ ಒಕ್ಕಲು ಡಾಂಬರಿನ ಮೇಲೇ ಹರಡಿರುತ್ತಾರೆ. ಕಾರಿನವರಿಗೆ ಬರೀ ಕಿರಿಕಿರಿ, ಎರಡು ಚಕ್ರದವರಿಗೆ ಅಪಾಯ. ಒಣ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಹುರುಳಿ ಬಳ್ಳಿಯಂತೂ ಚೈನಿಗೆ, ಹಿಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಬಿಗಿಯುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿದರೆ ಹೊಗೆಯಾಡುತ್ತದೆ. ದೂರದಿಂದಲೇ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ ನಿಧಾನಕ್ಕೆ ದಾಟಿ. ದಾಟಿದ ಮೇಲೆ ಎಂಜಿನ್ ಆಫ್ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ನೋಡಿ. ಸಿಕ್ಕಿಕೊಂಡಿದ್ದರೆ ಕೈಯಿಂದ ಬಿಡಿಸಿ.

ಟೈರು ನೋಡಿಕೊಳ್ಳಿ. ನಿಮ್ಮದು ಅಲಾಯ್ ಚಕ್ರದ ಡಾರ್ಕ್ ಸರಣಿಯದಾದರೆ ಟ್ಯೂಬ್‌ಲೆಸ್, ಪಂಕ್ಚರ್ ಕಿಟ್ ಇದ್ದರೆ ರಸ್ತೆ ಬದಿಯಲ್ಲೇ ಬತ್ತಿ ತೂರಿಸಿ ಮುಂದಕ್ಕೆ ಹೋಗಬಹುದು. ಕಡ್ಡಿ ಚಕ್ರದ್ದಾದರೆ ಒಳಗೆ ಟ್ಯೂಬ್ ಇರುತ್ತದೆ. ಮುಂದಕ್ಕೊಂದು ಹಿಂದಕ್ಕೊಂದು ಹೊಸ ಟ್ಯೂಬ್ ಜೊತೆಗಿರಲಿ: ಘಾಟಿಯ ಪಂಕ್ಚರ್ ಅಂಗಡಿಯವನಿಗೆ ಕೈಚಳಕ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇರುತ್ತದೆ ಎಂದು ಹೇಳಲಾಗದು. ಒಂದು ಕ್ಲಚ್ ಕೇಬಲ್, ಒಂದು ಸ್ಪಾರ್ಕ್ ಪ್ಲಗ್, ಎರಡು ಫ್ಯೂಸ್ ಇಟ್ಟುಕೊಂಡರೆ ಉಳಿದ ಚಿಂತೆ ಬೇಡ. ಚೈನಿಗೆ 500 ಕಿ.ಮೀ.ಗೊಮ್ಮೆ ಲ್ಯೂಬ್ ಹಾಕಿ. ಬೆಳಿಗ್ಗೆ ಹೊರಡುವಾಗ ಹಾಕುವುದಕ್ಕಿಂತ ಸಂಜೆ ನಿಲ್ಲಿಸಿದಾಗ ಚೈನ್ ಬೆಚ್ಚಗಿರುವಾಗಲೇ ಹಾಕಿದರೆ ರಾತ್ರಿಯೆಲ್ಲ ಒಳಗಿಳಿಯುತ್ತದೆ. ಟ್ಯಾಂಕ್ 13 ಲೀಟರ್, 300 ಕಿ.ಮೀ. ಆದ ಕೂಡಲೇ ಬಂಕ್ ಹುಡುಕಿದರೆ ಯಾವತ್ತೂ ತಳ್ಳುವ ಪ್ರಮೇಯ ಬಾರದು.

ಹೊರಡುವ ಮುಂಚೆ ಒಂದು ಭಾನುವಾರ ಪೂರ್ತಿ ಸಾಮಾನು ಕಟ್ಟಿಕೊಂಡು ತುಮಕೂರು, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಸುತ್ತಿ ವಾಪಸ್ ಬನ್ನಿ. ಇನ್ನೂರು ಚಿಲ್ಲರೆ ಕಿಲೋಮೀಟರ್. ಬ್ಯಾಗ್ ಸೈಲೆನ್ಸರಿಗೆ ತಾಗುತ್ತದೆಯೇ, ಎಲ್ಲಿ ನೋಯುತ್ತದೆ, ಎಲ್ಲಿ ಜೋಮು ಹಿಡಿಯುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಗೋವಾ ಮುಗಿಸಿ ಬಂದ ಮೇಲೆ ನಿಮಗೆ ಲಡಾಖಿನ ಜಲ್ಲಿ ರಸ್ತೆ, ಹೊಳೆ ದಾಟುವುದು, ಹೆದ್ದಾರಿಯಲ್ಲಿ ದಿನಕ್ಕೆ 600 ಕಿ.ಮೀ. ಇಂಥವೇ ಬೇಕು ಅನ್ನಿಸಿದರೆ ಆಗ ಖಂಡಿತ ಹಿಮಾಲಯನ್ ನೋಡಿ. ಕೊಳ್ಳುವ ಮುಂಚೆ ಹತ್ತಿ ಕೂತು ಎರಡೂ ಕಾಲು ನೆಲಕ್ಕೆ ಎಟುಕುತ್ತವೆಯೇ ನೋಡಿ. ಸೀಟಿನ ಎತ್ತರ ಕ್ಲಾಸಿಕ್‌ನಲ್ಲಿ 805 ಮಿ.ಮೀ., ಅದರಲ್ಲಿ 825.

ಪ್ರಶ್ನೆ: ಬೈಕಿನ ಬಗ್ಗೆ ಎಲ್ಲರೂ ಓಡಿಸುವವರನ್ನೇ ಕೇಳುತ್ತಾರೆ, ಹಿಂದೆ ಕೂರುವವರನ್ನು ಯಾರೂ ಕೇಳುವುದಿಲ್ಲ. ನಮ್ಮ ಯಜಮಾನರ ಕ್ಲಾಸಿಕ್‌ನಲ್ಲಿ ಬಾಗೇಪಲ್ಲಿ ದಾಟುವಷ್ಟರಲ್ಲಿ ನನಗೆ ಸೊಂಟ ಬಿದ್ದುಹೋಗುತ್ತದೆ. ಮಂತ್ರಾಲಯಕ್ಕೆ ಬೈಕಿನಲ್ಲೇ ಹೋಗೋಣ ಎನ್ನುತ್ತಿದ್ದಾರೆ. ಹೋಗಬಹುದೇ?
– ಚಿಂತಾಮಣಿಯ ಓದುಗರು

ಉತ್ತರ: ನಿಮ್ಮ ದೂರು ನ್ಯಾಯವಾದದ್ದು ತಾಯಿ. ಕ್ಲಾಸಿಕ್‌ನ ಹಿಂದಿನ ಸೀಟು ಚಿಕ್ಕದು, ಬೆನ್ನಿಗೆ ಆಸರೆ ಇಲ್ಲ. ಅಗಲದ ಟೂರಿಂಗ್ ಸೀಟು, ಒಂದು ಬ್ಯಾಕ್‌ರೆಸ್ಟ್, ಇವೆರಡನ್ನು ಹಾಕಿಸುವುದು ಯಜಮಾನರ ಜವಾಬ್ದಾರಿ. ಇವು ಬರುವ ತನಕ ಮಂತ್ರಾಲಯಕ್ಕೆ ಬಸ್ಸಿನಲ್ಲಿ ಹೋಗೋಣ ಎಂದು ಪಟ್ಟು ಹಿಡಿಯಿರಿ.

ಸೊಂಟ ನೋವಿಗೆ ಇನ್ನೊಂದು ಕಾರಣ ಇರಬಹುದು, ಅದಕ್ಕೆ ಕಾಸೂ ಖರ್ಚಿಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗ್ ಬಿಗಿಯನ್ನು ಹೆಚ್ಚು ಕಡಿಮೆ ಮಾಡಲು ಆರು ಹಂತಗಳಿವೆ. ಒಬ್ಬರೇ ಓಡಾಡುವಾಗ ಸಡಿಲ ಇಟ್ಟಿದ್ದನ್ನು ಇಬ್ಬರು ಕೂತಾಗಲೂ ಹಾಗೇ ಬಿಟ್ಟರೆ, ರಸ್ತೆಯ ಪ್ರತಿ ಉಬ್ಬಿಗೂ ಅದು ಪೂರ್ತಿ ಕೂತು ಆ ಪೆಟ್ಟು ನೇರ ನಿಮ್ಮ ಬೆನ್ನಿಗೆ ಬರುತ್ತದೆ. ಎರಡೂ ಕಡೆ ಒಂದೇ ಹಂತಕ್ಕೆ ಬಿಗಿ ಮಾಡಿಸಿ. ಇಬ್ಬರಿಗೆ ಹಿಂದಿನ ಟೈರಿಗೆ ಎಷ್ಟು ಗಾಳಿ ಎಂದು ಮ್ಯಾನ್ಯುಯಲ್‌ನಲ್ಲಿ ಬೇರೆಯೇ ಬರೆದಿರುತ್ತದೆ, ಅದನ್ನೂ ನೋಡಲಿ. ಒಂದು ಕಡೆಗೆ ಕಾಲು ಹಾಕಿ ಕೂರುವುದು ಪೇಟೆಗೆ ಸರಿ, ಇಷ್ಟು ದೂರಕ್ಕೆ ಬೇಡ. ಸೊಂಟ ತಿರುಚಿಕೊಂಡೇ ಇರುತ್ತದೆ. ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಿ. ಬ್ಯಾಗನ್ನು ನಿಮ್ಮ ಬೆನ್ನಿಗೆ ಹೊರಿಸಿದರೆ ಒಪ್ಪಬೇಡಿ, ಪಕ್ಕದ ಸ್ಯಾಡಲ್ ಬ್ಯಾಗಿಗೆ ಹೋಗಲಿ. ಹೆಲ್ಮೆಟ್ ನಿಮಗೂ ಐಎಸ್ಐ ಗುರುತಿನದೇ ಬೇಕು. ಅನಂತಪುರದಲ್ಲಿ ರಾತ್ರಿ ತಂಗಿ ಮರುದಿನ ಬೆಳಿಗ್ಗೆ ರಾಯರ ದರ್ಶನಕ್ಕೆ ಹೋದರೆ ಇಬ್ಬರಿಗೂ ಹಿತ.

ಪ್ರಶ್ನೆ: ನನ್ನದು 2013ರ ಹಳೇ ಕ್ಲಾಸಿಕ್ 350. ವೇಗ 80 ದಾಟಿದರೆ ಕೈ ಜೋಮು ಹಿಡಿಯುತ್ತದೆ. ಇದರಲ್ಲಿ ಊಟಿಗೆ ಹೋಗುವುದು ಹುಚ್ಚುತನವೇ?
– ಕೆ.ಜಿ.ಎಫ್. ಓದುಗರು

ಉತ್ತರ: ಹುಚ್ಚುತನವೇನಲ್ಲ. ನಿಮ್ಮದು 346 ಸಿಸಿಯ ಹಿಂದಿನ ಎಂಜಿನ್, ಕಂಪನ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಅದರಲ್ಲಿಲ್ಲ, 2021ರಲ್ಲಿ ಬಂದ ಹೊಸ ಕ್ಲಾಸಿಕ್‌ನಲ್ಲಿದೆ. ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳು ಸಡಿಲ ಆಗಿದ್ದರೆ ನಡುಕ ಇನ್ನೂ ಜಾಸ್ತಿ, ಗ್ಯಾರೇಜಿನಲ್ಲಿ ಅದನ್ನೇ ಮೊದಲು ನೋಡಿಸಿ. ಹ್ಯಾಂಡಲ್ ತುದಿಗೆ ಭಾರದ ಬಾರ್ ಎಂಡ್ ಹಾಕಿಸಿ, ಗ್ಲೌಸ್ ತೊಡಿ, ಹಿಡಿ ಸಡಿಲ ಇರಲಿ. ಇಷ್ಟಾದ ಮೇಲೂ ಅದರ ಸುಖದ ವೇಗ 70–75 ಮಾತ್ರ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಕನಕಪುರ, ಮಳವಳ್ಳಿ ಮೇಲೆ ಹೋದರೂ ಆಗುತ್ತದೆ, ನಿಮ್ಮ ಬೈಕಿಗೆ ಅದೇ ಲೇಸು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ, ಆದ್ದರಿಂದ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಮೈಸೂರಿನಲ್ಲೋ ಗುಂಡ್ಲುಪೇಟೆಯಲ್ಲೋ ತಂಗಿ. ಊಟಿಗೆ ಗೂಡಲೂರು ದಾರಿ ಹಿಡಿಯಿರಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ನಿಮ್ಮ ಹಿಂದಿನ ಬ್ರೇಕ್ ಡ್ರಮ್ಮಿನದು, ಒಂದೇ ಸಮ ತುಳಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಸಿ, ಕಡಿದಾದ ಕಡೆ ಎರಡನೇ ಗೇರ್.