ಪೆಟ್ಟಿನಿಂದಾದ ಅನ್ಯೂರಿಸಂ: ಆಪರೇಷನ್ ಮುಂದೂಡಬಹುದಾ?

ನನ್ನ ತಮ್ಮ ಮೂರು ವಾರದ ಹಿಂದೆ ದೇವಿಮನೆ ಘಟ್ಟದಲ್ಲಿ ಬೈಕಿನಿಂದ ಬಿದ್ದ, ಈಗ ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ ಇದೆ ಅಂತಿದ್ದಾರೆ, ಹುಡುಗ ಆರಾಮಿದ್ದಾನೆ, ಅಡಿಕೆ ಕೊನೆಕೊಯ್ಲು ಮುಗಿಸಿ ಆಪರೇಷನ್ ಮಾಡಿಸಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಮುಂದೂಡಬೇಡಿ. ನಾನೂ ಶಿರಸಿ ಕಡೆಯವಳೇ, ನ್ಯೂರೋ ಸರ್ಜರಿ ಥಿಯೇಟರಿನಲ್ಲಿ ನರ್ಸ್. ಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಒಂದಾಳು ಕಡಿಮೆಯಾದರೆ ಎಷ್ಟು ಕಷ್ಟ ಅಂತ ಗೊತ್ತು. ಆದರೂ ಬೇಡ.

ಸಾಮಾನ್ಯ ಅನ್ಯೂರಿಸಂ ಅಂದರೆ ನಾಳದ ಗೋಡೆ ಗುಳ್ಳೆಯ ಹಾಗೆ ಊದಿಕೊಳ್ಳುವುದು; ಅದು ಚಿಕ್ಕದಿದ್ದರೆ ಕೆಲವೊಮ್ಮೆ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ. ಪೆಟ್ಟಿನಿಂದಾದದ್ದರ ಕಥೆಯೇ ಬೇರೆ. ಹೆಚ್ಚಿನವರಲ್ಲಿ ನಾಳದ ಗೋಡೆ ಊದಿರುವುದಿಲ್ಲ, ಹರಿದಿರುತ್ತದೆ. ತೋಟದ ಒಡೆದ ಪೈಪಿಗೆ ಕೆಸರು ಮೆತ್ತಿದ ಹಾಗೆ, ಹೆಪ್ಪುಗಟ್ಟಿದ ರಕ್ತವೇ ಅಲ್ಲಿ ಗೋಡೆ. ಅದು ಒಡೆಯುವುದು ಜಾಸ್ತಿ ಎರಡು-ಮೂರು ವಾರದ ಆಸುಪಾಸಿನಲ್ಲೇ. ಒಡೆದರೆ ಜೀವಕ್ಕೇ ಅಪಾಯ. ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್, ನೆನಪಿರಲಿ.

ಅನ್ಯೂರಿಸಂ ಬುಡಕ್ಕೆ ಲೋಹದ ಪುಟ್ಟ ಕ್ಲಿಪ್ ಹಾಕಿ ಬಿಗಿದರೆ ಮುಗಿಯಿತು ಅಂದುಕೊಳ್ಳಬೇಡಿ. ಕ್ಲಿಪ್ ಕೂರಲು ಬುಡದಲ್ಲಿ ಗಟ್ಟಿ ಗೋಡೆ ಬೇಕು, ಇಲ್ಲಿ ಅದೇ ಇರುವುದಿಲ್ಲ. ಅದಕ್ಕೇ ಎಷ್ಟೋ ಸಲ ನಾಳವನ್ನು ಎರಡೂ ಕಡೆ ಮುಚ್ಚಿ, ಹಾಳಾದ ಭಾಗವನ್ನೇ ತೆಗೆಯುತ್ತಾರೆ. ತುದಿಯ ಸಣ್ಣ ಕವಲಾದರೆ ಇದು ಸಾಧ್ಯ. ಮುಖ್ಯ ನಾಳವಾದರೆ ಮುಂದಿನ ಭಾಗಕ್ಕೆ ರಕ್ತ ಬೇಕಲ್ವಾ? ಆಗ ಬೈಪಾಸ್. ಕಿವಿಯ ಮುಂದೆ ಬೆರಳಿಟ್ಟರೆ ಮಿಡಿಯುವ ನಾಳವಿದೆಯಲ್ಲ, ಅದನ್ನು ಬಿಡಿಸಿ ಮಿದುಳಿನ ನಾಳಕ್ಕೆ ಹೊಲಿಯುತ್ತಾರೆ. ದಾರ ಕೂದಲಿಗಿಂತ ಸಪೂರ, ಮೈಕ್ರೋಸ್ಕೋಪಿಲ್ಲದೆ ಕಾಣುವುದೇ ಕಷ್ಟ. ಹೊಲಿಯುವಷ್ಟು ಹೊತ್ತು ತಾತ್ಕಾಲಿಕ ಕ್ಲಿಪ್ ಹಾಕಿ ರಕ್ತ ತಡೆದಿರುತ್ತಾರೆ. ಎಷ್ಟು ನಿಮಿಷವಾಯಿತು ಅಂತ ಒಬ್ಬರು ಗಟ್ಟಿಯಾಗಿ ಹೇಳುತ್ತಿರುತ್ತಾರೆ.

ತೊಡೆಸಂದಿಯಿಂದ ತಂತಿ ತೂರಿಸಿ ಕಾಯಿಲ್ (ಸಪೂರ ಲೋಹದ ಸುರುಳಿ) ತುಂಬುವುದು, ನಾಳದೊಳಗೆ ಸ್ಟೆಂಟ್ (ಬಲೆಯಂಥ ಕೊಳವೆ) ಹಾಕುವುದೂ ಉಂಟು. ತಲೆಬುರುಡೆಯ ತಳದ ನಾಳಕ್ಕೆ ಬಹಳ ಸಲ ಇದೇ ಮೇಲು. ಆದರೆ ಸ್ಟೆಂಟ್ ಹಾಕಿದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡಬೇಕು. ಮಿದುಳಿನಲ್ಲಿ ಈಚೆಗಷ್ಟೇ ರಕ್ತಸ್ರಾವ ಆದವರಿಗೆ ಅದು ಸುಮ್ನೆ ಕೊಡುವಂಥದ್ದಲ್ಲ. ಇದನ್ನು ಡಾಕ್ಟರ ಹತ್ತಿರ ನೇರವಾಗಿ ಕೇಳಿ. ನಾಳ ಮುಚ್ಚುವುದಾದರೆ ಮೊದಲು ಬಲೂನಿನಿಂದ ಸ್ವಲ್ಪ ಹೊತ್ತು ಮುಚ್ಚಿ, ಮಿದುಳು ತಡೆದುಕೊಳ್ಳುತ್ತದಾ ಅಂತ ಪರೀಕ್ಷೆ ಮಾಡುತ್ತೀರಾ, ಆಮೇಲೆ ಮತ್ತೆ ಆಂಜಿಯೋಗ್ರಾಂ ಯಾವಾಗ ಅಂತಲೂ ಕೇಳಿ.

ಅಷ್ಟರೊಳಗೆ ಮೂಗಿನಿಂದ ರಕ್ತ ಸುರಿದರೆ, ಒಂದು ಕಣ್ಣು ಮಂಜಾದರೆ, ಜೋರು ತಲೆನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ.