ಮಂಜೇಶ್ವರದ ಅಂಗನವಾಡಿಯಲ್ಲಿ ಯಾರ ಮಾತೃಭಾಷೆ?

ತರಬೇತಿ ಆದಮೇಲೂ ಅಂಗನವಾಡಿ ಟೀಚರಿಗೆ ಹಟಮಾರಿ ಮಗುವನ್ನು ಸುಧಾರಿಸುವುದು ಯಾಕೆ ಕಷ್ಟ ಅಂತ ಕೇಳಿದ್ದೀರಿ. ಒಂದು ಬೆಳಿಗ್ಗೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರದ ಕಡೆ ಬಂದು ಕೂತು ನೋಡಿ. ಗೋಡೆಯಲ್ಲಿ ಮಲಯಾಳದ ಚಾರ್ಟು ಉಂಟು, ನಾನು ಹೇಳಿಕೊಡುವುದು ಕನ್ನಡದ ಹಾಡು, ಆಯ ಮಕ್ಕಳ ಕೈ ತೊಳೆಸುವುದು ತುಳುವಿನಲ್ಲಿ. ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ಭಾಷಣದಲ್ಲಿ ಹೊಗಳ್ತಾರೆ. ಆಗಷ್ಟೇ ಅಮ್ಮನ ಸೆರಗು ಬಿಟ್ಟು ಬಂದ ಮೂರು ವರ್ಷದ ಮಗುವನ್ನು ಕೇಳಿ ನೋಡಬೇಕು ಮಾರಾಯ್ರೆ.

2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಅಂಗನವಾಡಿಗಳಿಗೆ 'ಪೋಷಣ್ ಭೀ ಪಢಾಯಿ ಭೀ' (ಪೋಷಣೆಯೂ, ಕಲಿಕೆಯೂ) ಅನ್ನುವ ಯೋಜನೆ ಶುರು ಮಾಡಿತು. ಮೂರರಿಂದ ಆರು ವರ್ಷದವರಿಗೆ ದಿನಕ್ಕೆ ಕಡಿಮೆಯೆಂದರೂ 2 ಗಂಟೆ ಆಟ-ಪಾಠ, ಅದೂ ಮಾತೃಭಾಷೆಯಲ್ಲಿ. ಒಳ್ಳೆಯ ಮಾತು. ನಮ್ಮ ಒಂದೇ ಕೋಣೆಯಲ್ಲಿ ಅದು ಯಾರ ಮಾತೃಭಾಷೆ? ತರಬೇತಿಯಲ್ಲಿ ಪಾಠ ಮಾಡುವವರ ಮಲಯಾಳ ರೈಲಿನ ವೇಗದಲ್ಲಿ ಹೋಗ್ತದೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರು ಅರ್ಧ ಬರಕೊಂಡು, ಉಳಿದರ್ಧವನ್ನು ಚಹಾದ ಹೊತ್ತಿಗೆ ತುಳುವಿನಲ್ಲಿ ಒಬ್ಬರಿಗೊಬ್ಬರು ಕೇಳಿ ತಿಳಕೊಳ್ತೇವೆ.

ಆದರೂ ಅಲ್ಲಿ ಕಲಿತದ್ದೊಂದು ಕೈ ಹಿಡಿಯಿತು. ಮಗು ಹೊಡೆದರೆ, ಕಚ್ಚಿದರೆ ಗದರುವ ಮೊದಲು ಮೂರು ಸಂಗತಿ ಬರೆದಿಡಬೇಕು: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ನಮ್ಮಲ್ಲೊಬ್ಬ ಪೋಕರಿ ದಿನಾ ಕಚ್ಚುತ್ತಿದ್ದ. ನಾಲ್ಕು ದಿನ ಬರೆದು ನೋಡಿದರೆ, ಪ್ರತಿ ಸಲವೂ ಒಬ್ಬ ಹುಡುಗಿ ಅವನ ಕೈಯ ಆಟಿಕೆ ಎಳೆದಿದ್ದಳು. ಅವನು ತುಳುವಿನಲ್ಲಿ "ಬೊಡ್ಚಿ, ಬೊಡ್ಚಿ" (ಬೇಡ, ಬೇಡ) ಅಂತ ಕಿರುಚಿದ್ದ. ಎಳೆದವಳದ್ದು ಮಲಯಾಳದ ಮನೆ, ಅವಳಿಗೆ ಏನೂ ತಿಳಿಯಲಿಲ್ಲ. ಕಚ್ಚಿದ ಕೂಡಲೇ ಆಟಿಕೆ ವಾಪಸು! ಮತ್ತೆ ಯಾಕೆ ಬಿಡ್ತಾನೆ? ತುಳುವಿನ ಬೊಡ್ಚಿ, ಮಲಯಾಳದ ವೇಂಡ, ಕನ್ನಡದ ಬೇಡ ಮೂರನ್ನೂ ಅಂಗೈ ಮುಂದೆ ಚಾಚಿ ಹೇಳುವ ಆಟ ಎಲ್ಲರಿಗೂ ಕಲಿಸಿದೆ. ಕಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಹೇಳುವುದು ಜಾಸ್ತಿಯಾದ ಹಾಗೆ ಕಡಿಮೆ ಆಯಿತು.

ಗಲಾಟೆ ಮಾಡುವವರು ಹೇಗೂ ಕಣ್ಣಿಗೆ ಬೀಳ್ತಾರೆ. ನನಗೆ ಹೆದರಿಕೆ ಸುಮ್ಮನೆ ಕೂರುವವರದ್ದು. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ತುಟಿ ಬಿಚ್ಚದೆ ಕೇಳಿಸಿಕೊಳ್ಳುತ್ತಾ ಇರುವುದುಂಟು. ಅಂಥ ಮಗುವನ್ನು ಬೆಳವಣಿಗೆ ಹಿಂದೆ ಬಿದ್ದವರ ಪಟ್ಟಿಗೆ ಸೇರಿಸುವುದು ಬಹಳ ಸುಲಭ. ಮನೆಯಲ್ಲಿ ಅದರದೇ ಭಾಷೆಯಲ್ಲಿ ಪಟಪಟ ಮಾತಾಡ್ತದಾ ಅಂತ ಅಮ್ಮನ ಹತ್ತಿರ ವಿಚಾರಿಸಬೇಕು. ಅಲ್ಲಿಯೂ ಮಾತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಅಂತಾದರೆ ಕಿವಿ ತೋರಿಸಲು ತಡ ಮಾಡಬಾರದು.

ಈಗ ಮಗುವನ್ನು ಸೇರಿಸಲು ಬಂದವರ ಹತ್ತಿರ ನೀರು, ಉಚ್ಚೆ, ಹೊಟ್ಟೆನೋವು, ಅಮ್ಮ ಬೇಕು ಅನ್ನುವುದಕ್ಕೆ ಮಗು ಏನು ಹೇಳ್ತದೆ ಅಂತ ಕೇಳ್ತೇನೆ. ಫಾರ್ಮಿನಲ್ಲಿ ಅದಕ್ಕೆ ಜಾಗ ಇಲ್ಲ. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರಕೊಂಡಿದ್ದೇನೆ, ಐದು ಭಾಷೆಯದ್ದನ್ನೂ ಕನ್ನಡ ಲಿಪಿಯಲ್ಲಿ.